ಮಣ್ಣಿನ ಇಟ್ಟಿಗೆ ಮಳೆ ತಡೆಯುತ್ತೆ, ಆದರೆ ನಿಮ್ಮ ಸೈಟ್‌ನಲ್ಲಿ ಯಜಮಾನರು ಎಷ್ಟು ಜನ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಹಳೆ ಮನೆ ಪಕ್ಕದಲ್ಲೇ 22 ಚದರದ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಒಂದೇ ಅಂತಸ್ತು, ಹಂಚಿನ ಮಾಡು. ಪರಿಸರಕ್ಕೆ ಆದಷ್ಟು ಕಮ್ಮಿ ಹೊರೆಯಾಗುವ ಹಾಗೆ ಕಟ್ಟಬೇಕು ಅನ್ನೋದು ನನ್ನ ಮತ್ತು ನನ್ನ ಗಂಡನ ಆಸೆ. ಆರ್ಕಿಟೆಕ್ಟ್ ಬೆಂಗಳೂರಿನವರು, ತಿಂಗಳಿಗೊಮ್ಮೆ ಬರುತ್ತಾರೆ. ಮೇಸ್ತ್ರಿ ಊರಿನವರೇ, ಮಾವನವರಿಗೆ ಮೂವತ್ತು ವರ್ಷದ ಪರಿಚಯ. ಪ್ಲಿಂತ್ (ಗೋಡೆ ಕೂರುವ ಅಡಿಪಾಯದ ಕಟ್ಟೆ) ಮುಗಿದಿದೆ. ಯಂತ್ರ ತರಿಸಿ, ಸಿಮೆಂಟ್ ಬೆರೆಸಿದ 9 ಸಾವಿರ ಮಣ್ಣಿನ ಇಟ್ಟಿಗೆ ಜಾಗದಲ್ಲೇ ಮಾಡಿಸಿದ್ದೇವೆ. ಇನ್ನೇನು ಗೋಡೆ ಏಳಬೇಕು ಅನ್ನುವಾಗ ಮೇಸ್ತ್ರಿ, "ಅಮ್ಮಾ, ಇದು ನಮ್ಮ ಕಡೆ ಎರಡು ಮಳೆ ತಡೆಯಲ್ಲ, ಸುಮ್ನೆ ಕಾಂಕ್ರೀಟ್ ಬ್ಲಾಕ್ ತರಿಸಿ" ಅಂತ ಹಟ ಹಿಡಿದಿದ್ದಾರೆ. ನಾನು ಹೇಳಿದ್ದಕ್ಕೆಲ್ಲ ಹೂಂ ಅಂತಾರೆ, ಆಮೇಲೆ ಹೋಗಿ ಮಾವನವರನ್ನು ಕೇಳುತ್ತಾರೆ. ಎಲೆಕ್ಟ್ರಿಷಿಯನ್ ಗೋಡೆ ಎದ್ದ ಮೇಲೆ ಬರ್ತೀನಿ ಅಂತಾರೆ. ಸೋಲಾರ್‌ನವರು ಮಾಡು ಆದ ಮೇಲೆ ಫೋನ್ ಮಾಡಿ ಅಂತಾರೆ. ದಿನಕ್ಕೆ ಹತ್ತು ಫೋನ್, ಎಲ್ಲಾ ನನಗೇ. ಕೆಲಸ ನಿಂತು ಮೂರು ವಾರ ಆಯಿತು, ಈಗ ಕಾಫಿ ಕೊಯ್ಲೂ ಶುರು. ಕಾಂಕ್ರೀಟ್ ಬ್ಲಾಕ್‌ನಲ್ಲೇ ಕಟ್ಟಿ ಮುಗಿಸಿಬಿಡಲಾ? ಗ್ರೀನ್ ಸರ್ಟಿಫಿಕೇಟ್ ಅಂತ ಇದೆಯಲ್ಲ, ಅದು ನಮಗೆ ಬೇಕಾ?

ಉತ್ತರ: ಸರ್ಟಿಫಿಕೇಟ್ ಮಾತು ಕೊನೆಗಿರಲಿ. ಅದು ಬಿಟ್ಟರೆ ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇದೆ, ನೀವು ಕೇಳಿದ್ದು ಒಂದೇ. ಈ ಇಟ್ಟಿಗೆ ಮಲೆನಾಡಿನ ಮಳೆ ತಡೆಯುತ್ತಾ ಅನ್ನೋದು ನೀವು ಕೇಳಿದ್ದು. ನಿಮ್ಮ ಸೈಟ್‌ನಲ್ಲಿ ಕೊನೆಯ ಮಾತು ಯಾರದ್ದು ಅನ್ನೋದು ನೀವು ಕೇಳದೇ ಬಿಟ್ಟದ್ದು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಟ್ಟಡದ ಕೆಲಸ ನಡೆಸಿದ್ದೇನೆ. ಇಟ್ಟಿಗೆಯಿಂದಲೇ ಕೆಟ್ಟ ಮನೆ ನಾನು ನೋಡಿದ್ದು ತೀರಾ ಕಮ್ಮಿ. ಒಬ್ಬರ ಕೆಲಸ ಮುಗಿದು ಇನ್ನೊಬ್ಬರದ್ದು ಶುರುವಾಗುವ ಸಂದಿಯಲ್ಲಿ ಕೆಟ್ಟವು ಬೇಕಾದಷ್ಟು.

ಮೊದಲು ಮಳೆ ವಿಷಯ ಮುಗಿಸೋಣ.

"ಮಣ್ಣಿನ ಗೋಡೆ ಕರಗುತ್ತೆ" ಅನ್ನೋ ಮಾತು ಪೂರ್ತಿ ಸುಳ್ಳಲ್ಲ. ಏನೂ ಬೆರೆಸದ ಹಸಿ ಮಣ್ಣಿನ ಇಟ್ಟಿಗೆಯನ್ನು ರಾತ್ರಿಯಿಡೀ ನೀರಿನಲ್ಲಿಟ್ಟರೆ ಬೆಳಿಗ್ಗೆ ಕೆಸರು. ನಿಮ್ಮಲ್ಲಿರುವುದು ಅದಲ್ಲ. ಮಣ್ಣನ್ನು ಜರಡಿ ಹಿಡಿದು, ಬೇಕಾದಷ್ಟು ಮರಳು ಸೇರಿಸಿ, ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿದ್ದು. ಇದೇನೂ ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನದ ಅಸ್ತ್ರ (ASTRA) ಕೇಂದ್ರದವರು ಈ ಇಟ್ಟಿಗೆ, ಇದರ ಕೈಯಂತ್ರ ಎರಡರ ಮೇಲೂ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇದಕ್ಕೆ ಐಎಸ್ 1725 ಅಂತ ಸರ್ಕಾರಿ ಮಾನದಂಡವೂ ಇದೆ.

ಆದರೆ ಎಲ್ಲಾ ಇಟ್ಟಿಗೆಯೂ ಒಂದೇ ಅಲ್ಲ. ತೋಟದ ಮೇಲ್ಮಣ್ಣು ಹಾಕಿದ್ದರೆ ಅದರಲ್ಲಿ ಎಲೆಗೊಬ್ಬರದ ಅಂಶ ಇರುತ್ತದೆ, ಸಿಮೆಂಟ್ ಸರಿಯಾಗಿ ಹಿಡಿಯಲ್ಲ. ನಮ್ಮ ಕಡೆ ಕೆಂಪು ಮಣ್ಣಿನಲ್ಲಿ ಜೇಡಿ ಜಾಸ್ತಿ, ಮರಳೋ ಕಲ್ಲುಪುಡಿಯೋ ಸೇರಿಸದೆ ಒತ್ತಿದ್ದರೆ ಒಣಗುವಾಗ ಬಿರುಕು ಬಿಡುತ್ತದೆ. ಮೂರು ನಾಲ್ಕು ವಾರ ಒದ್ದೆ ಗೋಣಿಯಲ್ಲೋ ಹುಲ್ಲಿನಲ್ಲೋ ಮುಚ್ಚಿ ಕ್ಯೂರಿಂಗ್ ಮಾಡಿರಬೇಕು. ಎರಡು ದಿನ ನೀರು ಚಿಮುಕಿಸಿ ಬಿಟ್ಟಿದ್ದರೆ ಹಾಕಿದ ಸಿಮೆಂಟ್ ದಂಡ.

ನಿಮ್ಮ ರಾಶಿಯ ಬೇರೆ ಬೇರೆ ಕಡೆಯಿಂದ, ಮುಖ್ಯವಾಗಿ ಬೇರೆ ಬೇರೆ ದಿನ ಒತ್ತಿದ್ದರಿಂದ, ಹತ್ತು ಇಟ್ಟಿಗೆ ತೆಗೆಯಿರಿ. ಐದನ್ನು ಒಂದು ದಿನ ಪೂರ್ತಿ ಬಕೆಟ್‌ನಲ್ಲಿ ಮುಳುಗಿಸಿಡಿ. ಎತ್ತಿದಾಗ ಮೂಲೆ ಚೂಪಾಗೇ ಇರಬೇಕು, ಬಕೆಟ್ ತಳದಲ್ಲಿ ಕೆಸರು ನಿಂತಿರಬಾರದು, ಮೊಳೆಯಲ್ಲಿ ಗೀರಿದರೆ ಗೆರೆ ಬೀಳಬೇಕೇ ಹೊರತು ಪದರ ಏಳಬಾರದು. ಉಳಿದ ಐದನ್ನು ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಲ್ಯಾಬ್‌ನಲ್ಲಿ ಒತ್ತಿ ನೋಡಿಸಿ. ಒಣಗಿದ್ದನ್ನಲ್ಲ, ನೆನೆಸಿದ್ದನ್ನು. ಒಣ ಇಟ್ಟಿಗೆಯ ಅಂಕಿ ನೋಡಿ ಖುಷಿಪಡುವವರು ತುಂಬಾ ಜನ. ಮೂಡಿಗೆರೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಯಾವ ಇಟ್ಟಿಗೆ ತಾನೇ ಒಣಗಿರುತ್ತೆ? ಈ ಪರೀಕ್ಷೆಯನ್ನು ಮೇಸ್ತ್ರಿ ಎದುರಿಗೇ ಮಾಡಿ. ಸಾಧ್ಯವಾದರೆ ಬಕೆಟ್‌ಗೆ ಅವರ ಕೈಯಲ್ಲೇ ಹಾಕಿಸಿ. ಪಕ್ಕದಲ್ಲಿ ಇನ್ನೊಂದು ಬಕೆಟ್ ಇಟ್ಟು ಅವರು ಹೇಳುವ ಕಾಂಕ್ರೀಟ್ ಬ್ಲಾಕನ್ನೂ ಮುಳುಗಿಸಿ. ಅದೂ ಎಷ್ಟು ನೀರು ಕುಡಿಯುತ್ತೆ ಅಂತ ಅವರೂ ನೋಡಲಿ.

ಇಟ್ಟಿಗೆ ಗೆದ್ದರೂ ಗೋಡೆ ಗೆದ್ದ ಹಾಗಲ್ಲ. ಮಲೆನಾಡಿನ ಹಳೆ ಮನೆಗಳ ಗೋಡೆ ಬರೀ ಮಣ್ಣಿನದ್ದೇ. ನಿಮ್ಮ ಹಳೆ ಮನೆಯದ್ದೂ ಹಾಗೇ ಇರಬಹುದು, ನೋಡಿ. ಅವು ನೂರು ವರ್ಷ ನಿಂತದ್ದು ಮಣ್ಣಿನ ಗಟ್ಟಿತನದಿಂದ ಅಲ್ಲ. ಕೆಳಗೆ ಸೈಜುಗಲ್ಲಿನ ಎತ್ತರದ ಪ್ಲಿಂತ್, ಮೇಲೆ ಗೋಡೆಯಿಂದ ಮೂರಡಿ ಹೊರಗೆ ಬರುವ ಸೂರು, ಮುಂದೆ ಜಗಲಿ. ಮಳೆ ಹೊಡೆಯುವ ಕಡೆ ಅಡಿಕೆ ಸೋಗೆಯ ತಟ್ಟಿ ಕಟ್ಟುವವರೂ ಇದ್ದರು. ಒಟ್ಟಿನಲ್ಲಿ ಗೋಡೆಗೆ ನೀರು ಮುಟ್ಟದ ಹಾಗೆ ಮಾಡಿದ್ದರು. ನಿಮ್ಮ ಮನೆಯಲ್ಲೂ ಅದೇ ಆಗಬೇಕು. ಆದರೆ ಅದು ಇಟ್ಟಿಗೆ ಮಾಡಿದವರ ಕೈಯಲ್ಲಿಲ್ಲ. ಮಾಡು ಮಾಡುವವರ ಕೈಯಲ್ಲಿದೆ, ಚರಂಡಿ ತೋಡುವವರ ಕೈಯಲ್ಲಿದೆ. ಅಲ್ಲಿಂದ ಎರಡನೇ ಪ್ರಶ್ನೆ ಶುರು.

ಒಂದು ಸಣ್ಣ ಲೆಕ್ಕ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮಾಡು ಸೂರೂ ಸೇರಿ ಸುಮಾರು 250 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಒಂದು ಗಂಟೆ ಜೋರು ಮಳೆ 50 ಮಿ.ಮೀ. ಸುರಿದರೆ 12,500 ಲೀಟರ್, ಅಂದರೆ ಎರಡು ಟ್ಯಾಂಕರ್ ನೀರು ನಿಮ್ಮ ಗೋಡೆ ಬುಡದ ಸುತ್ತ ಬೀಳುತ್ತದೆ. ಈಗ ಹೇಳಿ, ಈ ನೀರು ಯಾರ ಕೆಲಸ? ಮಾಡಿನವರ ಕೆಲಸ ಸೂರಿನ ಮಳೆನೀರಿನ ದೋಣಿ ಕೂರಿಸಿದಲ್ಲಿಗೆ ಮುಗಿಯಿತು. ಪ್ಲಂಬರ್‌ನ ಕೇಳಿದರೆ ಮನೆ ಒಳಗಿನ ಪೈಪ್ ಮಾತ್ರ ನಂದು ಅಂತಾರೆ. ಮೇಸ್ತ್ರಿಗೆ ಪ್ಲಿಂತ್ ಆಚೆಗಿನದ್ದು ಬೇಡ. ಆರ್ಕಿಟೆಕ್ಟ್ ನಕ್ಷೆಯಲ್ಲಿ ಚರಂಡಿ ಒಂದು ಚುಕ್ಕೆ ಗೆರೆ. ನೀವು ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಆರಿದ್ರ ಮಳೆ ಹಿಡಿದಾಗ ನೀರು ಚಿಮ್ಮಿ ಕೆಳಗಿನ ನಾಲ್ಕು ವರಸೆ (ಇಟ್ಟಿಗೆ ಸಾಲು) ಪಾಚಿಗಟ್ಟುತ್ತದೆ. ಊರವರು ಬಂದು ನೋಡಿ "ಹೇಳಿರ್ಲಿಲ್ವಾ, ಮಣ್ಣು" ಅಂತಾರೆ.

ಇದು ಕಲ್ಪನೆ ಅಲ್ಲ, ನನ್ನ ಅನುಭವ. ಸಕಲೇಶಪುರದ ಕಡೆ ಒಂದು ಮನೆ, ನನ್ನದೇ ಉಸ್ತುವಾರಿ. ನಕ್ಷೆಯಲ್ಲಿ ಸೂರು ಮೂರಡಿ. ಮಾಡಿನ ಕಬ್ಬಿಣದ ಕೆಲಸ ಮಾಡುವ ಫ್ಯಾಬ್ರಿಕೇಟರ್ ಬಂದು ಅಳತೆ ಹಿಡಿದಾಗ, ತಂದ ಕಬ್ಬಿಣದ ಉದ್ದ ಸಾಲಲಿಲ್ಲ. ಜೋಡಿಸಿ ವೆಲ್ಡ್ ಮಾಡುವ ಬದಲು ಮನೆಯವರಿಗೆ ಫೋನ್ ಮಾಡಿ, "ಒಂದೂವರೆ ಅಡಿ ಸಾಕಲ್ವಾ ಸಾರ್, ನೋಡೋಕೂ ಚೆನ್ನಾಗಿರುತ್ತೆ, ಖರ್ಚೂ ಉಳಿಯುತ್ತೆ" ಅಂದರು. ಮನೆಯವರು ಸರಿ ಅಂದರು. ನನಗೆ ಗೊತ್ತಾಗಿದ್ದು ಹಂಚು ಹೊದಿಸಿದ ಮೇಲೆ. ಆ ಆಗಸ್ಟ್‌ನಲ್ಲಿ ಪಡುವಣ ಗೋಡೆ ಮೇಲೆ ಬೆರಳಾಡಿಸಿದರೆ ಕೆಂಪು ಪುಡಿ ಕೈಗೆ ಬರುತ್ತಿತ್ತು. ಆಮೇಲೆ ಆ ಕಡೆ ಪೂರ್ತಿ ಬೇರೆ ಕಂಬ ನೆಟ್ಟು ಜಗಲಿ ಮಾಡಬೇಕಾಯಿತು, ಉಳಿಸಿದ್ದಕ್ಕಿಂತ ಎಷ್ಟೋ ಪಾಲು ಖರ್ಚು. ಫ್ಯಾಬ್ರಿಕೇಟರ್ ತಪ್ಪು ಅಂತ ನಾನು ಹೇಳಲ್ಲ. ಸೂರಿನ ಅಳತೆ ಬದಲಿಸಬೇಕಾದರೆ ಯಾರನ್ನು ಕೇಳಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನು.

ಹೊರಗೆ ನಿಂತು ನೋಡಿದರೆ ಪರಿಸರಸ್ನೇಹಿ ಮನೆ ಅಂದರೆ ಸಾಮಗ್ರಿ ಬದಲಿಸುವುದು ಅನ್ನಿಸುತ್ತದೆ. ಸಿಮೆಂಟ್ ಬದಲು ಮಣ್ಣು, ಕರೆಂಟ್ ಬದಲು ಸೋಲಾರ್. ಸಾಮಗ್ರಿ ಮುಖ್ಯ ಹೌದು. ಜಗತ್ತಿನ ಇಂಗಾಲದ ಡೈ ಆಕ್ಸೈಡ್‌ನಲ್ಲಿ ನೂರಕ್ಕೆ ಸುಮಾರು ಎಂಟು ಪಾಲು ಸಿಮೆಂಟ್ ತಯಾರಿಕೆಯದ್ದೇ. ಆದರೆ ಇಂಥ ಮನೆಯಲ್ಲಿ ನಿಜವಾಗಿ ಬದಲಾಗುವುದು ಕೆಲಸದ ಸರದಿ. ಮಾಮೂಲಿ ಮನೆಯಲ್ಲಿ ಗೋಡೆ ಎದ್ದ ಮೇಲೆ ಎಲೆಕ್ಟ್ರಿಷಿಯನ್ ಗ್ರೂವ್ ಕಟ್ಟರ್ ತಂದು ಗೋಡೆ ಕೊಯ್ದು ಪೈಪ್ ಹೂಳುತ್ತಾರೆ, ಮೇಲೆ ಪ್ಲಾಸ್ಟರ್ ಬಳಿದರೆ ಎಲ್ಲಾ ಮುಚ್ಚಿಹೋಗುತ್ತದೆ. ಪ್ಲಾಸ್ಟರ್ ಅಂದರೆ ಎಲ್ಲರ ತಪ್ಪಿಗೂ ಹೊದಿಸುವ ಕಂಬಳಿ. ನಿಮ್ಮ ಗೋಡೆಗೆ ಆ ಕಂಬಳಿ ಇಲ್ಲ. ಇಟ್ಟಿಗೆ ಕಾಣಬೇಕು, ಇಟ್ಟಿಗೆ ಸಂದಿ ತುಂಬಿದ ಪಾಯಿಂಟಿಂಗ್ ಕಾಣಬೇಕು. ಸ್ವಿಚ್ ಬೋರ್ಡ್ ಎಲ್ಲಿ ಅಂತ ಎಂಟನೇ ವರಸೆ ಇಡುವ ಮೊದಲೇ ಗೊತ್ತಿರಬೇಕು. ಸೋಲಾರ್ ಪ್ಯಾನೆಲ್‌ನ ಕ್ಲಾಂಪ್ ಹಂಚಿನ ಕೆಳಗೆ ಪಕಾಸಿಗೆ (ಹಂಚು ಹೊರುವ ಇಳಿಜಾರು ಮರಕ್ಕೆ) ಹಿಡಿಸಬೇಕು, ಹಂಚು ಹೊದಿಸಿದ ಮೇಲೆ ಬಂದರೆ ಹಂಚು ಒಡೆದು ತೂತು ಮಾಡುತ್ತಾರೆ, ಅಲ್ಲಿ ಸೋರುತ್ತದೆ. "ಆಮೇಲೆ ಬರ್ತೀನಿ" ಅನ್ನುವವರು ಇಬ್ಬರಿದ್ದಾರಲ್ಲ ನಿಮ್ಮಲ್ಲಿ, ಅವರು ಮೊದಲು ಬರಬೇಕಾದವರು.

ಇನ್ನು ಮೇಸ್ತ್ರಿ. ಅವರ ಹಟದ ಹಿಂದೆ ಏನಿದೆ ಅಂತ ಯೋಚಿಸಿದ್ದೀರಾ? ಗೊತ್ತಿಲ್ಲದ ಕೆಲಸ ಅಂತ ಹೆದರಿಕೆ ಸ್ವಲ್ಪ ಇರಬಹುದು. ಆದರೆ ನಾನು ಕಂಡ ಹಾಗೆ ಎರಡು ಕಾರಣ ಅದಕ್ಕಿಂತ ದೊಡ್ಡವು. ನಾಳೆ ಗೋಡೆ ಒದ್ದೆಯಾದರೆ ಬೆಂಗಳೂರಿನ ಆರ್ಕಿಟೆಕ್ಟ್ ಹೆಸರು ಯಾರೂ ಎತ್ತಲ್ಲ, ಸಂತೆಯಲ್ಲಿ ಸಿಕ್ಕವರೆಲ್ಲ ಮೇಸ್ತ್ರಿಯನ್ನೇ ಕೇಳುತ್ತಾರೆ. ಮೂವತ್ತು ವರ್ಷದ ಹೆಸರು ಅವರದ್ದು. ಎರಡನೇದು ದುಡ್ಡು. ಚದರಕ್ಕೆ ಇಷ್ಟು ಅಂತ ಲೇಬರ್ ಮಾತಾಡಿರುತ್ತೀರಿ, ಆ ರೇಟು ಪ್ಲಾಸ್ಟರ್ ಬಳಿಯುವ ಗೋಡೆಯ ಲೆಕ್ಕದ್ದು. ಕಾಣುವ ಗೋಡೆ ಕಟ್ಟಲು ಪ್ರತಿ ಇಟ್ಟಿಗೆ ನೆನೆಸಿ, ದಾರ ಹಿಡಿದು, ಮುಖ ಒರೆಸಿ ಇಡಬೇಕು. ಅದೇ ಆಳುಗಳು, ಅದೇ ದಿನ, ಏಳುವ ಗೋಡೆ ಮಾತ್ರ ಕಮ್ಮಿ. ನಷ್ಟ ಅವರದ್ದು. ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ, ಅದಕ್ಕೆ "ಮಳೆ ತಡೆಯಲ್ಲ" ಅಂತಾರೆ. ಒಂದು ಸಲ ಕೂರಿಸಿಕೊಂಡು, ಕಾಫಿ ಕೊಟ್ಟು, ಈ ಗೋಡೆಗೆ ರೇಟು ಬೇರೆ ಮಾಡೋಣ, ಎಷ್ಟಾಗುತ್ತೆ ಹೇಳಿ ಅಂತ ಕೇಳಿ ನೋಡಿ. ಅರ್ಧ ಹಟ ಅಲ್ಲೇ ಇಳಿಯಬಹುದು. ಮಣ್ಣಿನ ಮನೆ ಅಗ್ಗ ಅನ್ನೋ ಇನ್ನೊಂದು ನಂಬಿಕೆಗೂ ಉತ್ತರ ಇಲ್ಲೇ ಸಿಕ್ಕಿತು: ಸಾಮಾನಿನಲ್ಲಿ ಉಳಿಯುತ್ತೆ, ಕೂಲಿಯಲ್ಲಿ ಹೋಗುತ್ತೆ. ದುಡ್ಡು ಊರಲ್ಲೇ ಉಳಿಯುತ್ತೆ ಅನ್ನೋದು ನಿಜ, ನಿಮ್ಮ ಜೇಬಿನಲ್ಲಿ ಉಳಿಯುತ್ತೆ ಅಂತ ಲೆಕ್ಕ ಹಾಕಬೇಡಿ.

ಮಾವನವರ ವಿಷಯ ಹೇಳಲು ನನಗೂ ಸ್ವಲ್ಪ ಅಳುಕು, ಆದರೂ ಹೇಳುತ್ತೇನೆ. ಸೈಟ್‌ನಲ್ಲಿ ಇಬ್ಬರು ಯಜಮಾನರಿದ್ದರೆ ಕೆಲಸದವರು ತಮಗೆ ಸುಲಭವಾದ ಉತ್ತರ ಕೊಡುವವರ ಹತ್ತಿರ ಹೋಗುತ್ತಾರೆ. ಅದು ಮೋಸ ಅಲ್ಲ, ಮನುಷ್ಯ ಸ್ವಭಾವ. ಅವರನ್ನು ಬದಿಗಿಡಬೇಡಿ, ಆಗುವ ಮಾತೂ ಅಲ್ಲ. ಒಂದು ವಿಭಾಗ ಪೂರ್ತಿ ಅವರಿಗೇ ಬಿಡಿ. ಮರ ಮತ್ತು ಕಲ್ಲು, ಉದಾಹರಣೆಗೆ. ತೋಟದ ಯಾವ ಮರ ಒಣಗಿದೆ, ಯಾವುದು ಬಾಗಿಲಿಗೆ, ಯಾವುದು ಪಕಾಸಿಗೆ, ಅರಣ್ಯ ಇಲಾಖೆಯಲ್ಲಿ ಏನು ಅನುಮತಿ ಬೇಕು, ಇದೆಲ್ಲ ನಿಮಗಿಂತ, ಆರ್ಕಿಟೆಕ್ಟ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅದರಲ್ಲಿ ಅವರದ್ದೇ ಕೊನೆಯ ಮಾತು. ಗೋಡೆ, ಪೈಪು, ಕರೆಂಟ್ ವಿಷಯದಲ್ಲಿ ಮೇಸ್ತ್ರಿ ಬಂದು ಕೇಳಿದರೆ "ಸೊಸೆನ ಕೇಳಪ್ಪಾ, ಪುಸ್ತಕದಲ್ಲಿ ಬರೆಸು" ಅಂತ ಒಂದೇ ಮಾತು ಹೇಳಲಿ. ಅವರ ಬಾಯಿಂದ ಎರಡು ಸಲ ಬಂದರೆ ಸಾಕು, ಮೂರನೇ ಸಲ ಮೇಸ್ತ್ರಿ ನೇರ ನಿಮ್ಮ ಹತ್ತಿರ ಬರುತ್ತಾರೆ.

ಪುಸ್ತಕ ಅಂದೆನಲ್ಲ, ಅದು ಹೀಗೆ. ಅಂಗಡಿಯಲ್ಲಿ ಸಿಗುವ ಉದ್ದನೆಯ ಲೆಡ್ಜರ್, ಮಧ್ಯೆ ಕಾರ್ಬನ್ ಹಾಳೆ. ಬದಲಾವಣೆ ಏನಿದ್ದರೂ ಅದರಲ್ಲಿ ದಿನಾಂಕ ಹಾಕಿ ಬರೆಯಬೇಕು, ಕೇಳಿದವರು, ಒಪ್ಪಿದವರು ಇಬ್ಬರೂ ಸಹಿ ಹಾಕಬೇಕು. ಫೋನ್‌ನಲ್ಲಿ ಹೇಳಿದ್ದು ಸಂಜೆಯೊಳಗೆ ಪುಸ್ತಕಕ್ಕೆ ಬರದಿದ್ದರೆ ಹೇಳಿಲ್ಲ ಅಂತಲೇ ಲೆಕ್ಕ. ಶೆಡ್ಡಿನ ಬಾಗಿಲ ಮೇಲೆ ಒಂದು ದೊಡ್ಡ ಹಾಳೆ ಅಂಟಿಸಿ: ಎಡಕ್ಕೆ ಕೆಲಸ, ಬಲಕ್ಕೆ ಒಂದೇ ಒಂದು ಹೆಸರು. ವೈರ್ ಹೋಗುವ ಕಾಂಡ್ಯೂಟ್ ಪೈಪ್ ಗೋಡೆಗೆ ಮೊದಲು ತಂದಿಡುವುದು ಯಾರು? ಬಚ್ಚಲಿನ ಪೈಪ್ ಗೋಡೆ ದಾಟುವಲ್ಲಿ ತೋಳು (ಪೈಪ್ ತೂರಿಸುವ ದೊಡ್ಡ ಕೊಳವೆ) ಇಡುವುದು ಯಾರು? ಸೂರಿನ ಅಳತೆ ಒಪ್ಪುವುದು ಯಾರು? ಆ ಎರಡು ಟ್ಯಾಂಕರ್ ನೀರು ಯಾರದ್ದು? ಎರಡು ಹೆಸರು ಬರೆದರೆ ಯಾರೂ ಮಾಡಲ್ಲ. ಹೆಸರು ಬರೆಯುವುದು ನಮ್ಮ ಕಡೆಗೆ ಹೊಸದೇನಲ್ಲ ಬಿಡಿ. ನಿಮ್ಮಿಂದ ಬೇಲೂರು ಎಷ್ಟು ದೂರ? 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಗಳ ಬುಡದಲ್ಲಿ ಹೆಸರು ಕೆತ್ತಿ ಹೋಗಿದ್ದಾರೆ. ಅಷ್ಟು ಶಿಲ್ಪಿಗಳು ಸೇರಿ ಮಾಡಿದ ಕೆಲಸದಲ್ಲಿ ಯಾವುದು ಯಾರದ್ದು ಅಂತ ನಾವು ಇವತ್ತೂ ಓದಬಹುದು. ನಮಗೆ ಒಂದು ಸ್ವಿಚ್ ಬೋರ್ಡ್ ಯಾರು ತಪ್ಪು ಇಟ್ಟರು ಅಂತ ಮುಂದಿನ ವಾರ ಗೊತ್ತಾಗಲ್ಲ.

ನಕ್ಷೆಗೂ ಇದೇ ಶಿಸ್ತು ಬೇಕು. ವಾಟ್ಸಾಪ್‌ನಲ್ಲಿ ಬಂದ ನಕ್ಷೆಯನ್ನು ಫೋನ್‌ನಲ್ಲೇ ಹಿಗ್ಗಿಸಿ ನೋಡಿ ಕೆಲಸ ಮಾಡಬಾರದು. ಮೇಸ್ತ್ರಿ ಫೋನ್‌ನಲ್ಲಿ ಹಳೇದು, ಬಡಗಿ ಫೋನ್‌ನಲ್ಲಿ ಹೊಸದು, ಕಿಟಕಿ ಚೌಕಟ್ಟು ಬಂದಾಗ ಗೋಡೆಯ ಸಂದಿ ಆರಿಂಚು ಕಮ್ಮಿ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸೈಟ್‌ನಲ್ಲಿ ಪ್ರಿಂಟ್ ಹಾಕಿಸಿದ ಒಂದೇ ಸೆಟ್ ಇರಲಿ, ಹೊಸದು ಬಂದ ದಿನ ಹಳೇದರ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡ ಗೆರೆ ಎಳೆಯಿರಿ.

ಈಗ ನಿಮ್ಮ ಮುಂದಿರುವ ದಾರಿಗಳು.

ಕಾಂಕ್ರೀಟ್ ಬ್ಲಾಕ್‌ಗೆ ಹೋಗಬಹುದು. ಮೇಸ್ತ್ರಿಗೆ ಅಭ್ಯಾಸದ ಕೆಲಸ, ಬೇಗ ಏಳುತ್ತದೆ. ಆದರೆ 9 ಸಾವಿರ ಇಟ್ಟಿಗೆ ಏನು ಮಾಡುತ್ತೀರಿ? ಬ್ಲಾಕಿನ ಅಳತೆ ಬೇರೆ, ಕಿಟಕಿ ಬಾಗಿಲಿನ ಲೆಕ್ಕ ಎಲ್ಲಾ ಮತ್ತೆ ಹಾಕಬೇಕು. ಮಲೆನಾಡಿನಲ್ಲಿ ಕಾಂಕ್ರೀಟ್ ಬ್ಲಾಕ್ ಮನೆಗೆ ಮಳೆಯ ಕಾಟ ಇಲ್ಲ ಅನ್ನೋದೂ ಸುಳ್ಳು. ಪ್ಲಾಸ್ಟರ್‌ನಲ್ಲಿ ಕೂದಲೆಳೆ ಬಿರುಕು ಬಿಟ್ಟರೆ ಸಾಕು, ನೀರು ಒಳಗೆ ಹೋಗಿ ಅಲ್ಲೇ ಕೂರುತ್ತದೆ. ಜುಲೈನಲ್ಲಿ ಬೀರು ಹಿಂದೆ ಕಪ್ಪಗೆ ಬೂಷ್ಟು ಹಿಡಿದ ಗೋಡೆ ನಿಮ್ಮ ನೆಂಟರ ಮನೆಯಲ್ಲೇ ನೋಡಿರುತ್ತೀರಿ. ಎಲ್ಲಕ್ಕಿಂತ ಹೆಚ್ಚಾಗಿ, ಇದರಿಂದ ನಿಮ್ಮ ನಿಜವಾದ ಸಮಸ್ಯೆ ಹೋಗಲ್ಲ, ಇಬ್ಬರು ಯಜಮಾನರು, ಹತ್ತು ಫೋನು ಹಾಗೇ ಇರುತ್ತವೆ. ಆದರೂ ಒಂದು ಮಾತು ನೇರವಾಗಿ ಹೇಳುತ್ತೇನೆ. ಬಕೆಟ್ ಪರೀಕ್ಷೆಯಲ್ಲಿ ಇಟ್ಟಿಗೆ ಸೋತರೆ, ಇಲ್ಲವೇ ವಾರಕ್ಕೆರಡು ಸಲ ಸೈಟ್ ನೋಡುವವರು ಯಾರೂ ಇಲ್ಲ ಅಂದರೆ, ಕೆಟ್ಟದಾಗಿ ಕಟ್ಟಿದ ಮಣ್ಣಿನ ಮನೆಗಿಂತ ಸರಿಯಾಗಿ ಕಟ್ಟಿದ ಬ್ಲಾಕ್ ಮನೆಯೇ ಮೇಲು. ಅದಕ್ಕೂ ಅಗಲ ಸೂರು ಕೊಡಿ, ಹಾರುಬೂದಿ (ಫ್ಲೈ ಆಶ್) ಬೆರೆತ ಪಿಪಿಸಿ ಸಿಮೆಂಟ್ ಬಳಸಿ.

ಪಡುವಣ ಮತ್ತು ತೆಂಕಣ ಗೋಡೆಗೆ ಮಾತ್ರ ಜಂಬಿಟ್ಟಿಗೆ (ಕತ್ತರಿಸಿದ ಕೆಂಪು ಕಲ್ಲು), ಉಳಿದದ್ದು ಮಣ್ಣಿನ ಇಟ್ಟಿಗೆ ಅಂತ ಕೆಲವರು ಸಲಹೆ ಕೊಡುತ್ತಾರೆ. ಕೆಟ್ಟ ಯೋಚನೆ ಅಲ್ಲ. ಆದರೆ ಕಲ್ಲು ಘಟ್ಟದ ಕೆಳಗಿನಿಂದ ಬರಬೇಕು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ತಿಂಗಳುಗಟ್ಟಲೆ ಮುಚ್ಚಿದ್ದು ನಿಮಗೆ ನೆನಪಿರಬೇಕು. ತರಿಸುವುದಾದರೆ ಬೇಸಿಗೆಯಲ್ಲೇ ಎಲ್ಲಾ ತರಿಸಿಟ್ಟುಕೊಳ್ಳಬೇಕು. ಎರಡು ಬಗೆಯ ಗೋಡೆ ಸೇರುವ ಮೂಲೆಯಲ್ಲಿ ಬಿರುಕು ಬರುವುದು ಜಾಸ್ತಿ. ಅಲ್ಲಿ ಹೇಗೆ ಕಟ್ಟಬೇಕು ಅಂತ ಆರ್ಕಿಟೆಕ್ಟ್ ಬೇರೆ ನಕ್ಷೆ ಕೊಡದೆ ಕೈ ಹಾಕಬೇಡಿ. ಜಂಬಿಟ್ಟಿಗೆಯ ದಪ್ಪಕ್ಕೆ ನಿಮ್ಮ ಪ್ಲಿಂತ್ ಅಗಲ ಸಾಲುತ್ತಾ ಅಂತಲೂ ನೋಡಬೇಕು.

ಎಲ್ಲವನ್ನೂ ಒಬ್ಬ ಕಂಟ್ರಾಕ್ಟರ್‌ಗೆ ವಹಿಸಿ ಕೀಲಿಕೈ ತೆಗೆದುಕೊಳ್ಳುವ ದಾರಿ ಈ ಹಂತದಲ್ಲಿ ಬೇಡ. ಬೇರೆಯವರು ಕಟ್ಟಿದ ಪ್ಲಿಂತ್ ಮೇಲೆ ಕಟ್ಟುವವರು ಗ್ಯಾರಂಟಿ ಕೊಡಲ್ಲ. ನಾಳೆ ಏನಾದರೂ "ಅದು ಮೊದಲೇ ಹಾಗಿತ್ತು" ಅಂತಾರೆ.

ನಾನು ನಿಮ್ಮ ಜಾಗದಲ್ಲಿದ್ದರೆ ಇದೇ ಇಟ್ಟಿಗೆ, ಇದೇ ಮೇಸ್ತ್ರಿ ಇಟ್ಟುಕೊಂಡೇ ಮುಂದುವರಿಯುತ್ತಿದ್ದೆ, ಗೋಡೆ ಶುರು ಮಾಡುವ ಮೊದಲು ಒಂದು ದಿನ ಮಾತ್ರ ಬೇರೆ ಎತ್ತಿಡುತ್ತಿದ್ದೆ. ಆ ದಿನ ಆರ್ಕಿಟೆಕ್ಟ್, ಮೇಸ್ತ್ರಿ, ಎಲೆಕ್ಟ್ರಿಷಿಯನ್, ಪ್ಲಂಬರ್, ಮಾಡಿನವರು, ಸೋಲಾರ್‌ನವರು, ಬಡಗಿ, ಮಾವನವರು ಎಲ್ಲರೂ ಸೈಟ್‌ನಲ್ಲಿ ಇರಬೇಕು. ಪುಕ್ಕಟೆ ಕರೆದರೆ ಯಾರೂ ಬರಲ್ಲ, ಒಂದು ದಿನದ ಸಂಬಳ ಕೊಡಿ, ಮಧ್ಯಾಹ್ನ ಊಟ ಹಾಕಿ. ಪ್ಲಿಂತ್ ಮೇಲೆ ಸುಣ್ಣದ ಪುಡಿಯಲ್ಲಿ ಗೋಡೆ, ಬಾಗಿಲು ಎಳೆಯಿರಿ. ಒಬ್ಬೊಬ್ಬರಾಗಿ ನಡೆದು ನೋಡಲಿ. ನೀವು ಅಡುಗೆಮನೆಯಲ್ಲಿ ನಿಂತು, ಮಿಕ್ಸಿ ಇಲ್ಲಿ, ಫ್ರಿಜ್ ಅಲ್ಲಿ ಅಂತ ಕೈ ತೋರಿಸಿ, ಎಲೆಕ್ಟ್ರಿಷಿಯನ್ ಅಲ್ಲೇ ಕಲ್ಲಿಟ್ಟು ಗುರುತು ಮಾಡಲಿ. ಬಾಗಿಲು ಎಡಕ್ಕೆ ತೆರೆಯುತ್ತೋ ಬಲಕ್ಕೋ ಅನ್ನೋ ಜಗಳ ಆಗಲೇ ಆಗಲಿ. ಸುಣ್ಣದ ಗೆರೆ ಕಾಲಲ್ಲಿ ಒರೆಸಿ ಮತ್ತೆ ಎಳೆಯಬಹುದು. ಸಂಜೆಯೊಳಗೆ ಶೆಡ್ಡಿನ ಬಾಗಿಲಿಗೆ ಅಂಟಿಸುವ ಹಾಳೆ ತುಂಬಿರುತ್ತದೆ.

ಮರುದಿನ ಮೇಸ್ತ್ರಿ ಕೈಯಲ್ಲಿ ಒಂದು ಮೂಲೆಯಲ್ಲಿ ನಾಲ್ಕಡಿ ಉದ್ದ, ನಾಲ್ಕಡಿ ಎತ್ತರದ ಮಾದರಿ ಗೋಡೆ ಕಟ್ಟಿಸಿ. ಒಳಗೆ ಒಂದು ಕಾಂಡ್ಯೂಟ್, ಒಂದು ಸ್ವಿಚ್ ಬಾಕ್ಸ್, ಒಂದು ಕಿಟಕಿ ಅಂಚು ಬರಲಿ. ಪಾಯಿಂಟಿಂಗ್ ಹೇಗಿರಬೇಕು ಅಂತ ಅಲ್ಲೇ ಒಪ್ಪಿ. ಮುಂದೆ ಜಗಳ ಬಂದರೆ ಮಾತು ಬೇಡ, ಆ ಗೋಡೆ ಹತ್ತಿರ ಹೋಗಿ ನಿಂತರಾಯಿತು. ಎಷ್ಟು ದಿನ ಹಿಡಿಯಿತು ಅನ್ನೋದರಿಂದ ಹೊಸ ರೇಟಿನ ಲೆಕ್ಕವೂ ಸಿಗುತ್ತದೆ.

ಆಮೇಲೆ ಚಿಕ್ಕಮಗಳೂರಿಂದಲೋ ಮೂಡಿಗೆರೆಯಿಂದಲೋ ವಾರಕ್ಕೆರಡು ಸಲ ಬಂದು ಹೋಗುವ ಒಬ್ಬ ಸೈಟ್ ಎಂಜಿನಿಯರ್ ಇಟ್ಟುಕೊಳ್ಳಿ. ಆರ್ಕಿಟೆಕ್ಟ್ ಎಲ್ಲಾ ನೋಡಿಕೊಳ್ಳುತ್ತಾರೆ ಅನ್ನೋದು ತಪ್ಪು ತಿಳುವಳಿಕೆ. ಅವರ ಫೀಸಿನಲ್ಲಿ ದಿನದ ಉಸ್ತುವಾರಿ ಇದೆಯಾ ಅಂತ ಒಪ್ಪಂದ ತೆಗೆದು ಓದಿ, ಬಹುಶಃ ಇರಲ್ಲ. ನೆಲದ ತೇವ ಗೋಡೆಗೆ ಏರದಂತೆ ಹಾಕುವ ಡಿಪಿಸಿ ಪದರ ಆದಾಗ, ಕಿಟಕಿ ಕಟ್ಟೆ ಮಟ್ಟಕ್ಕೆ ಬಂದಾಗ, ಬಾಗಿಲು ಕಿಟಕಿ ಮೇಲಿನ ಲಿಂಟಲ್‌ನಲ್ಲಿ, ಹಂಚು ಹೊದಿಸುವ ಮೊದಲು, ಈ ನಾಲ್ಕು ಕಡೆ ಎಂಜಿನಿಯರ್ ಪುಸ್ತಕದಲ್ಲಿ ಸಹಿ ಹಾಕದೆ ಕೆಲಸ ಮುಂದೆ ಹೋಗಬಾರದು. ಮೇಸ್ತ್ರಿಗೆ ಒಂದು ಮಳೆಗಾಲ ಕಳೆದು ಗೋಡೆ ಚೆನ್ನಾಗಿದ್ದರೆ ಕೊಡುವ ದುಡ್ಡು ಅಂತ ಸ್ವಲ್ಪ ಬೇರೆ ಇಡಿ. ಕೂಲಿಯಲ್ಲಿ ಹಿಡಿಯಬೇಡಿ, ಮಧ್ಯದಲ್ಲಿ ಹಿಡಿದರೆ ಮನಸ್ಸು ಕೆಡುತ್ತದೆ. ಮೇಲೆ ಕೊಡಿ. ಒಟ್ಟು ಬಜೆಟ್‌ನಲ್ಲಿ ನೂರಕ್ಕೆ ಹತ್ತು ಕೈಯಲ್ಲಿ ಉಳಿಸಿಕೊಂಡೇ ಲೆಕ್ಕ ಹಾಕಿ.

ಈ ದಾರಿಯ ಅಪಾಯ ಒಂದೇ, ಸಮಯ. ಮೃಗಶಿರ ಮಳೆಗೆ ಮೊದಲು ಮಾಡು ಮುಚ್ಚಲೇಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ. ಏಪ್ರಿಲ್ ಕೊನೆಗೆ ಹಂಚು, ಮಾರ್ಚ್ ಮುಗಿಯುವಷ್ಟರಲ್ಲಿ ಗೋಡೆ. ನಮ್ಮ ಕಡೆಯ ಕಷ್ಟ ಏನಂದರೆ ಮನೆ ಕಟ್ಟುವ ಕಾಲವೂ ಕಾಫಿ ಕೊಯ್ಲಿನ ಕಾಲವೂ ಒಂದೇ. ಅರೇಬಿಕಾ ಮುಗಿಯಿತು ಅನ್ನುವಷ್ಟರಲ್ಲಿ ರೋಬಸ್ಟಾ. ಸೈಟ್‌ನ ಆಳುಗಳು ಕೊಯ್ಲಿಗೆ ಹೋಗುತ್ತಾರೆ, ಮನೆಯವರು ಕಣದಲ್ಲಿರುತ್ತಾರೆ. ಮೇಸ್ತ್ರಿ ಹತ್ತಿರ ಈಗಲೇ ಕೂತು ಯಾವ ವಾರ ಎಷ್ಟು ಆಳು ಅಂತ ಬರೆಯಿರಿ, ಕಮ್ಮಿ ಬೀಳುವ ವಾರಕ್ಕೆ ಹೊರಗಿನವರನ್ನು ಈಗಲೇ ಹೇಳಿಟ್ಟುಕೊಳ್ಳಿ. ಮಾರ್ಚ್‌ನಲ್ಲಿ ಹೂಮಳೆ ಬಂದರೆ ತೋಟಕ್ಕೆ ಒಳ್ಳೆಯದು, ಅರ್ಧ ಎದ್ದ ಗೋಡೆಗೆ ಅಲ್ಲ. ಟಾರ್ಪಾಲಿನ್ ಈಗಲೇ ತಂದಿಡಿ. ಅಕಸ್ಮಾತ್ ಮಾಡು ತಪ್ಪಿತು ಅಂದರೆ ಗೋಡೆ ತಲೆಯನ್ನು ಚೆನ್ನಾಗಿ ಮುಚ್ಚಿ ಅಕ್ಟೋಬರ್ ತನಕ ಕಾಯಿರಿ. ಮಳೆಯಲ್ಲಿ ಕಟ್ಟಿ ಮುಗಿಸುವ ಆತುರ ಬೇಡ.

ಸರ್ಟಿಫಿಕೇಟ್? ವಾಸದ ಮನೆಗೆ ಅಗತ್ಯ ಇಲ್ಲ. ಹಸಿರು ಕಟ್ಟಡಗಳಿಗೆ ರೇಟಿಂಗ್ ಕೊಡುವ ಗೃಹ (GRIHA) ಸಂಸ್ಥೆಯವರು ಸಣ್ಣ ಕಟ್ಟಡಗಳಿಗೆ ಸ್ವಗೃಹ ಅಂತ ಇಟ್ಟಿದ್ದಾರೆ, ಐಜಿಬಿಸಿ ಅನ್ನೋ ಹಸಿರು ಕಟ್ಟಡ ಮಂಡಳಿಯವರದ್ದೂ ಮನೆಗಳಿಗೆ ಇದೆ. ಅವರ ಪಟ್ಟಿ ತೆಗೆದು ಒಮ್ಮೆ ಓದಿ, ಮರೆತದ್ದು ನೆನಪಾಗುತ್ತದೆ. ದುಡ್ಡು ಖರ್ಚು ಮಾಡುವುದಾದರೆ ಅದನ್ನು ಚರಂಡಿಗೆ ಹಾಕಿ. ಸೋಲಾರ್‌ಗೆ 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಈಗಲೂ ಹಾಗೇ ಇದೆಯಾ ಅಂತ ನಿಮ್ಮ ವಿದ್ಯುತ್ ಕಂಪನಿ ಮೆಸ್ಕಾಂನಲ್ಲಿ ವಿಚಾರಿಸಿಕೊಂಡು ಅರ್ಜಿ ಹಾಕಿ. ಆದರೆ ಬಿಸಿನೀರಿಗೆ ಸೋಲಾರ್ ಹೀಟರ್ ಒಂದನ್ನೇ ನಂಬಬೇಡಿ, ಜುಲೈನಲ್ಲಿ ಅದು ಮಾಡಿನ ಮೇಲೆ ಬರೀ ಅಲಂಕಾರ. ಕಾಫಿ ಗಿಡ ಸವರಿದಾಗ ಸಿಗುವ ಸೌದೆ ತೋಟದಲ್ಲೇ ಇರುತ್ತದಲ್ಲ, ಬಚ್ಚಲಿನಲ್ಲಿ ಹಂಡೆ ಒಲೆಗೂ ಜಾಗ ಬಿಡಿ. ಹೊಗೆ ಕೊಳವೆ ಗೋಡೆ ದಾಟುವುದು ಎಲ್ಲಿ ಅಂತ ಆ ಹಾಳೆಯಲ್ಲಿ ಇನ್ನೊಂದು ಸಾಲು ಬರೆದು ಒಂದು ಹೆಸರು ಹಾಕಿ.

ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಇಟ್ಟಿಗೆ ರಾಶಿ ಮೂರು ವಾರದಿಂದ ಮುಚ್ಚಿಟ್ಟ ಹಾಗೇ ಇರಬೇಕಲ್ಲ, ಟಾರ್ಪಾಲಿನ್ ಎತ್ತಿ ಕೆಳಗಿನ ಸಾಲು ನೋಡಿ. ನೆಲಕ್ಕೆ ತಾಗಿದ ಇಟ್ಟಿಗೆಗಳ ಮೂಲೆ ಬೆರಳಲ್ಲಿ ಒತ್ತಿದರೆ ಉದುರುತ್ತಾ? ಬಕೆಟ್‌ಗೆ ಹಾಕುವ ಐದರಲ್ಲಿ ಎರಡು ಆ ಸಾಲಿನವೇ ಇರಲಿ. ಫಲಿತಾಂಶ ಬರೆದು ಕಳಿಸಿ, ಜೊತೆಗೆ ಪ್ಲಿಂತ್ ನೆಲದಿಂದ ಎಷ್ಟು ಎತ್ತರ ಇದೆ ಅಂತಲೂ ತಿಳಿಸಿ. ಎರಡಡಿಗಿಂತ ಕಮ್ಮಿ ಇದ್ದರೆ ಮೊದಲ ಮೂರು ವರಸೆ ಕಲ್ಲಿನಲ್ಲೇ ಮಾಡುವುದರ ಬಗ್ಗೆ ಮಾತಾಡೋಣ.